ದಾಕು ಹಾಕಿಸಿಕೊಂಡ ತೋಳುಗಳು

ಸಿಡುಬಿನ ನಿವಾರಣೆಯ ಚರಿತ್ರೆಯನ್ನು ಬರೆದವರು ಉಳಿದ ಪ್ರಾಣಗಳನ್ನು ಎಣಿಸಿದ್ದಾರೆ. ಆ ಉಳಿವಿಗಾಗಿ ತೋಳನ್ನೊಡ್ಡಿ ಅತ್ತ ಶಿಶುಗಳ ಸಂಗತಿಯನ್ನು, ಅದು ಕ್ಷಣಿಕವಾದ ಕಷ್ಟವೆಂದು ಭಾವಿಸಿಯೋ ಏನೋ, ಬಹುಮಟ್ಟಿಗೆ ಬಿಟ್ಟುಬಿಟ್ಟಿದ್ದಾರೆ. ಆದರೆ ದಾಕು ಹಾಕುವ, ಎಂದರೆ ಲಸಿಕೆ ಕೊಡುವ, ಈ ವಿದ್ಯೆ ಆದಿಯಿಂದಲೂ ಮಕ್ಕಳ ಮೈಯನ್ನೇ ಆಶ್ರಯಿಸಿ ನಡೆದು ಬಂದುದು. 1796ರ ಮೇ 14ರಂದು ಎಡ್ವರ್ಡ್ ಜೆನ್ನರನು, ಹಾಲು ಕರೆಯುವ ಹೆಂಗಸೊಬ್ಬಳ ಕೈಯ ಗೋಸಿಡುಬಿನ ಬೊಕ್ಕೆಯಿಂದ ತೆಗೆದ ರಸವನ್ನು ಸೇರಿಸಿದ್ದು ತೋಟಗಾರನ ಮಗನಾದ ಎಂಟು ವರ್ಷದ ಜೇಮ್ಸ್ ಫಿಪ್ಸನ ತೋಳಿಗೆ. ಬಾಗ್ದಾದು, ಬಸ್ರಾಗಳ ಮಾರ್ಗವಾಗಿ ಬಂದ ಆ ದ್ರವ್ಯವು 1802ರ ಜೂನ್ 14ರಂದು ಭರತಖಂಡದಲ್ಲಿ ಮೊದಲು ಫಲಿಸಿದ್ದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ.

ಒಣಗಿಸಿ ಕಳುಹಿಸಿದ ರಸವು ನಮ್ಮ ದೇಶದ ಬಿಸಿಲಿನಲ್ಲಿ ಸತ್ವಗೆಡುತ್ತಿದ್ದುದರಿಂದ, ಅದನ್ನು ಜೀವಂತವಾಗಿರಿಸುವ ಭರವಸೆಯ ಮಾರ್ಗ ಒಂದೇ ಆಗಿದ್ದಿತು: ದಾಕು ಹಾಕಿದ ಎಂಟನೆಯ ದಿನ, ಇನ್ನೂ ಉರಿಯುತ್ತಿರುವ ಮಗುವಿನ ಬೊಕ್ಕೆಯನ್ನು ಚುಚ್ಚಿ, ಅದರ ರಸವನ್ನು ಮತ್ತೊಂದು ಮಗುವಿನ ತೋಳಿಗೆ ದಾಟಿಸುವುದು. ಒಂದು ಊರಿನಿಂದ ಮತ್ತೊಂದು ಊರಿಗೆ ರಕ್ಷೆಯನ್ನು ಹೊತ್ತು ನಡೆದವರು, ಹೀಗೆ, ಮಾತು ಬಾರದ ಕೂಸುಗಳು; ಅನೇಕ ವೇಳೆ ಬಡವರ ಕೂಸುಗಳು. ದಾಕಿನವನು ಬಂದನೆಂದರೆ ತಾಯಂದಿರು ಮಕ್ಕಳನ್ನು ಬಚ್ಚಿಡುತ್ತಿದ್ದುದನ್ನು ಅಂದಿನ ಅಧಿಕಾರಿಗಳು ಮೌಢ್ಯವೆಂದು ಕರೆದರು. ಸಿಡುಬಿನ ದೇವಿಯ ಮುನಿಸಿನ ಭಯವೂ, ಅನ್ಯರ ಮೈಯ ರಸ ತಮ್ಮ ಮಗುವಿನ ಮೈ ಸೇರುವುದೆಂಬ ಅಳುಕೂ ಅದರಲ್ಲಿ ಇದ್ದುವು, ನಿಜ. ಆದರೆ ಒಮ್ಮೆ ಗಾಯಗೊಂಡ ತೋಳನ್ನು ಪರರ ಮಗುವಿಗಾಗಿ ಮತ್ತೊಮ್ಮೆ ಗಾಯಗೊಳಿಸಲು ಒಪ್ಪದ ಹೆತ್ತ ಕರುಳನ್ನು ಮೌಢ್ಯವೆನ್ನಲು ನನಗೆ ಮನಸ್ಸು ಬಾರದು.

ಮೈಸೂರಿನಲ್ಲಿ ಈ ಅಳುಕನ್ನು ಕಳೆಯಲು ಅರಮನೆಯೇ ಮುಂದಾಯಿತೆಂದು ತಿಳಿಯಲು ಆಧಾರವಿದೆ. 1805ರಲ್ಲಿ ಥಾಮಸ್ ಹಿಕಿ ಬರೆದ ಮೂವರು ಸ್ತ್ರೀಯರ ಚಿತ್ರವೊಂದನ್ನು ಬಹುಕಾಲ ನರ್ತಕಿಯರ ಚಿತ್ರವೆಂದೇ ತಿಳಿದಿದ್ದರು. ಚರಿತ್ರಕಾರ ನೈಜೆಲ್ ಚಾನ್ಸೆಲರರ ವಿವೇಚನೆಯಂತೆ ಅವರು ರಾಜವಂಶದ ಸ್ತ್ರೀಯರು. ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವ ಎಳೆಯ ಹುಡುಗಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ಆ ತೋಳು ದಾಕು ಹಾಕಿಸಿಕೊಂಡ ತೋಳು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕರುಗಳ ಮೈಯಲ್ಲಿ ಬೆಳೆಸಿದ ರಸ ಬಂದು, ಮಕ್ಕಳು ವಾಹಕರಾಗುವ ಕಷ್ಟ ತಪ್ಪಿತು. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೊ ಎಂಬ ಹೆಸರಿನ ವಿಸ್ತಾರವಾದ ಆವರಣವು ಆ ಯುಗದ ಜ್ಞಾಪಕವಾಗಿ ಇಂದಿಗೂ ಉಳಿದಿದೆ. ನೋವು ಮಾತ್ರ ತಗ್ಗಲಿಲ್ಲ. ಚರ್ಮದ ಮೇಲೆ ಒತ್ತಿ ತಿರುಗಿಸುವ, ಹಲ್ಲುಗಳುಳ್ಳ ಬಿಲ್ಲೆಯಂತಹ ಉಪಕರಣವೊಂದು ನಮ್ಮ ಹಳ್ಳಿಗಳಲ್ಲಿ ದೀರ್ಘಕಾಲ ಆಳಿತು. ಅದು ಬಿಟ್ಟುಹೋದ ದುಂಡನೆಯ ಕಲೆಗಳನ್ನು ಹಿರಿಯರ ತೋಳುಗಳಲ್ಲಿ ಕಂಡವರಿಗೆ ಅದರ ಕ್ರೌರ್ಯವನ್ನು ವಿವರಿಸಬೇಕಾಗಿಲ್ಲ. ಎರಡು ಮೊನೆಯ ಪುಟ್ಟ ಸೂಜಿ ಅದರ ಸ್ಥಾನಕ್ಕೆ ಬಂದು, ಕೆಲವೇ ವರ್ಷಗಳಲ್ಲಿ, 1975ರಲ್ಲಿ, ಭಾರತದಿಂದ ಸಿಡುಬೇ ತೊಲಗಿತು.

ಶಿಶುವಿನ ನೋವನ್ನು ಇಷ್ಟು ಕಾಲ ಲೆಕ್ಕಿಸದಿದ್ದುದಕ್ಕೆ ವೈದ್ಯರ ಅವಸರವೊಂದೇ ಕಾರಣವಲ್ಲ. ಹಸುಗೂಸಿನ ನರಗಳು ಇನ್ನೂ ಪಕ್ವವಾಗಿಲ್ಲವಾದ್ದರಿಂದ ಅದಕ್ಕೆ ವೇದನೆಯ ಅರಿವು ಸಾಲದೆಂಬ ನಂಬಿಕೆ ವಿದ್ವಾಂಸರಲ್ಲಿಯೂ ಬೇರೂರಿದ್ದು, ಕೂಸುಗಳಿಗೆ ಸಾಕಷ್ಟು ಅರಿವಳಿಕೆಯಿಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಸುವ ರೂಢಿ 1980ರ ದಶಕದವರೆಗೂ ಉಳಿದಿದ್ದಿತು. ಆ ನಂಬಿಕೆಯನ್ನು 1987ರಲ್ಲಿ ಪ್ರಕಟವಾದ ಸಂಶೋಧನೆಗಳಿಂದ ಅಲುಗಿಸಿದವರಲ್ಲಿ ಪ್ರಮುಖರು ಭಾರತೀಯ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್. ನೋವನ್ನು ತಾಳುವ ಕೂಸಿನ ದೇಹದೊಳಗೆ ಏಳುವ ಕ್ಷೋಭೆಯನ್ನು ಅವರು ರಕ್ತಪರೀಕ್ಷೆಯಿಂದಲೇ ಅಳೆದು ತೋರಿಸಿದರು.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಲಸಿಕೆಯ ನೋವನ್ನು ತಗ್ಗಿಸುವ ವಿಷಯದಲ್ಲಿಯೇ ತನ್ನ ನಿಲುವನ್ನು ಪ್ರಕಟಿಸಿತು. ಮಗುವನ್ನು ಅಂಗಾತ ಮಲಗಿಸದೆ ಹೆತ್ತವರ ಮಡಿಲಲ್ಲಿರಿಸಿಕೊಳ್ಳಬೇಕು. ಎಳೆಯ ಕೂಸಾದರೆ ಚುಚ್ಚುವ ಹೊತ್ತಿನಲ್ಲಿ ಅಥವಾ ಅದಕ್ಕೆ ಸ್ವಲ್ಪ ಮುನ್ನ ಮೊಲೆಯೂಡಿಸಬೇಕು. ಹಲವು ಲಸಿಕೆಗಳಿದ್ದರೆ ಹೆಚ್ಚು ನೋಯುವುದನ್ನು ಕಡೆಗೆ ಕೊಡಬೇಕು. ಇವುಗಳಲ್ಲಿ ಯಾವುದಕ್ಕೂ ಹಣ ಬೇಡ, ಯಂತ್ರ ಬೇಡ. ಅಳುವ ಕೂಸನ್ನು ಎದೆಗೆ ಹಚ್ಚಿಕೊಳ್ಳುವುದನ್ನು ತಾಯಂದಿರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಜೆನ್ನರನಿಂದ ಇನ್ನೂರ ಹತ್ತೊಂಬತ್ತು ವರ್ಷಗಳ ಅನಂತರ, ಸೂಜಿ ಹಿಡಿದವರು ಅದಕ್ಕಾಗಿ ಒಂದು ನಿಮಿಷ ಕಾಯಬೇಕೆಂಬುದು ಶಾಸ್ತ್ರದ ವಿಧಿಯಾಯಿತು.