ಚಂಪಾ: ಅರಸೊತ್ತಿಗೆ ಅಳಿದರೂ ಉಳಿದ ನುಡಿ

ಮಡಗಾಸ್ಕರ್‌ನಿಂದ ಈಸ್ಟರ್ ದ್ವೀಪದವರೆಗೆ ಹಬ್ಬಿದ ಆಸ್ಟ್ರೋನೇಷಿಯನ್ ಭಾಷಾಕುಟುಂಬ ಕಡಲನ್ನೇ ಹೆದ್ದಾರಿ ಮಾಡಿಕೊಂಡ ಜನರದು. ಅದರ ಒಂದು ಕವಲು ಎರಡು ಸಾವಿರ ವರ್ಷಗಳಿಗೂ ಹಿಂದೆ ಇಂದಿನ ಮಧ್ಯ ವಿಯೆಟ್ನಾಂನ ಕರಾವಳಿಗೆ ಬಂದು ನೆಲೆನಿಂತಿತು. ಆ ಜನರೇ ಚಾಮರು. ಅವರ ನಾಡು ಚಂಪಾ.

4ನೇ ಶತಮಾನದ ಹೊತ್ತಿಗೆ ಅಲ್ಲಿ ಭದ್ರವರ್ಮನೆಂಬ ಅರಸನಿದ್ದ. ಮಿ ಸನ್ ಕಣಿವೆಯಲ್ಲಿ ಭದ್ರೇಶ್ವರನನ್ನು ಪ್ರತಿಷ್ಠಾಪಿಸಿದವನು ಅವನೇ. ಅಲ್ಲಿಂದ ಬಹುದೂರವಲ್ಲದ ದೊಂಗ್ ಯೆನ್ ಚೌ ಎಂಬಲ್ಲಿ, ಅದೇ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಒಂದು ಶಾಸನ ದೊರೆತಿದೆ. ಅದರ ಲಿಪಿ ನಮ್ಮ ಕನ್ನಡ ಲಿಪಿಗೂ ಮೂಲವಾದ ಬ್ರಾಹ್ಮಿಯ ದಕ್ಷಿಣದ ಕವಲಿನದು; ನುಡಿ ಚಾಮರದು. ಅರಸನ ನಾಗನನ್ನು ಗೌರವಿಸಿದವನಿಗೆ ರತ್ನಗಳು ಸುರಿಯಲಿ, ನಿಂದಿಸಿದವನು ಏಳು ತಲೆಮಾರಿನ ಬಳಗದೊಡನೆ ಸಾವಿರ ವರ್ಷ ನರಕದಲ್ಲಿ ಬೀಳಲಿ ಎಂದು ಅದು ಸಾರುತ್ತದೆ. ಇಡೀ ಆಸ್ಟ್ರೋನೇಷಿಯನ್ ಕುಟುಂಬದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹವಿದು.

ಅಮರಾವತಿ, ವಿಜಯ, ಕೌಠಾರ, ಪಾಂಡುರಂಗ: ಹೀಗೆ ಸಂಸ್ಕೃತದ ಹೆಸರು ಹೊತ್ತ ಸೀಮೆಗಳ ಕೂಟವಾಗಿ ಚಂಪಾ ಬೆಳೆಯಿತು. ಸಮುದ್ರವ್ಯಾಪಾರ ಅದಕ್ಕೆ ಸಿರಿಯನ್ನೂ ತಂದಿತು, ಶತ್ರುಗಳನ್ನೂ ತಂದಿತು. 774ರಲ್ಲಿ ಹಡಗುಗಳಲ್ಲಿ ಬಂದ ದಾಳಿಕೋರರು ಕೌಠಾರದ ಪೋ ನಗರ್ ದೇಗುಲವನ್ನು ಸುಟ್ಟು ಮುಖಲಿಂಗವನ್ನು ಹೊತ್ತೊಯ್ದರು. ಚಂಪಾದ ಅರಸ ಸತ್ಯವರ್ಮ ಬೆನ್ನಟ್ಟಿ ಅವರನ್ನು ಸೋಲಿಸಿದ; 784ರಲ್ಲಿ ಗುಡಿ ಮತ್ತೆ ಎದ್ದಿತು. ಮುಂದೆ ಕಾಂಬೋಡಿಯಾದ ಖ್ಮೇರರೊಡನೆ ನಡೆದ ಘೋರ ಕಾಳಗಗಳಲ್ಲಿ ಚಾಮರು ತೋರಿದ ಕೆಚ್ಚಿಗೆ ಶತ್ರುಗಳೇ ಸಾಕ್ಷಿ: ಅಂಕೋರ್‌ನ ಬಯೋನ್ ದೇಗುಲದ ಗೋಡೆಗಳ ಕೆತ್ತನೆಯಲ್ಲಿ, ಹೂವರಳಿದಂಥ ಶಿರಸ್ತ್ರಾಣ ತೊಟ್ಟ ಚಾಮ್ ಯೋಧರು ಇಂದಿಗೂ ಹಡಗೇರಿ ನಿಂತಿದ್ದಾರೆ.

ಉತ್ತರದಿಂದ ಒತ್ತಿಬರುತ್ತಿದ್ದ ದಾಯ್ ವಿಯೆಟ್ ರಾಜ್ಯಕ್ಕೆ 1371ರಲ್ಲಿ ಚಂಪಾದ ಅರಸ ಚೆ ಬೊಂಗ್ ನ್ಗಾ ಎದಿರೇಟು ಕೊಟ್ಟ. ಅದರ ರಾಜಧಾನಿ ತಾಂಗ್ ಲಾಂಗ್ ಅವನಿಂದ ಸೂರೆಯಾಯಿತು. ಆ ಗೆಲುವು ಬಹುಕಾಲ ಬಾಳಲಿಲ್ಲ. 1471ರಲ್ಲಿ ದಾಯ್ ವಿಯೆಟ್ ಅರಸ ಲೆ ತಾನ್ ತೋಂಗ್ ವಿಜಯ ನಗರಿಯನ್ನು ಗೆದ್ದುಕೊಂಡ. ಕೊನೆಗೆ ಉಳಿದಿದ್ದ ಪಾಂಡುರಂಗವನ್ನೂ 1832ರಲ್ಲಿ ವಿಯೆಟ್ನಾಂ ಅರಸ ಮಿನ್ ಮಾಂಗ್ ನುಂಗಿದ.

ಸೋತವರು ಚದುರಿದರು. ಹೈನಾನ್ ದ್ವೀಪ ಸೇರಿದವರ ನುಡಿ ನೆರೆಯ ಭಾಷೆಗಳ ಸಹವಾಸದಲ್ಲಿ ಸ್ವರದ ಏರಿಳಿತದಿಂದಲೇ ಅರ್ಥ ಬದಲಿಸುವ ಭಾಷೆಯಾಗಿ ಮಾರ್ಪಟ್ಟಿತು. ಕಾಂಬೋಡಿಯಾಕ್ಕೆ ಹೋದವರ ಸಂತತಿ ಇಸ್ಲಾಂ ಧರ್ಮದಲ್ಲಿ ಬಾಳಿತು. 1975–79ರ ಖ್ಮೇರ್ ರೂಜ್ ಆಳ್ವಿಕೆ ಅವರ ಭಾಷೆಯನ್ನು ನಿಷೇಧಿಸಿ, ಅಸಂಖ್ಯ ಜನರನ್ನು ಕೊಂದಿತು. ಬೆಟ್ಟಸೀಮೆಯ ಜರಾಯ್, ಎದೆ, ರೊಗ್ಲಾಯ್ ಜನರ ಸೋದರ ಭಾಷೆಗಳು ಈಗಲೂ ಜೀವಂತವಾಗಿವೆ. ಹಳೆಯ ಪಾಂಡುರಂಗ ಸೀಮೆಯಲ್ಲೇ ಉಳಿದ ಚಾಮರ ಪೋ ಕ್ಲಾಂಗ್ ಗರಾಯ್ ಗುಡಿಯಲ್ಲಿ ವರ್ಷಕ್ಕೊಮ್ಮೆ ‘ಕತೆ’ ಎಂಬ ಉತ್ಸವ ನಡೆಯುತ್ತದೆ. ಪುರೋಹಿತರು ಚಾಮ್ ಭಾಷೆಯಲ್ಲೇ ದೇವರನ್ನು ಕರೆಯುತ್ತಾರೆ.

ಈ ಸೀಮೆಯ ಚಾಮರಲ್ಲಿ ವಂಶ ತಾಯಿಯಿಂದ ಸಾಗುತ್ತದೆ, ಮನೆ ಮಗಳಿಗೆ ಸೇರುತ್ತದೆ. ಅರಮನೆ ಕುಸಿದ ಮೇಲೂ ನುಡಿಗೆ ಆ ಮನೆಯ ಆಸರೆ ಇತ್ತು. ಭಾಷೆಯನ್ನು ಕಾಯುವುದು ಕೋಟೆಯಲ್ಲ, ಅದನ್ನು ಮಕ್ಕಳಿಗೆ ದಾಟಿಸುವ ಮನೆ ಎಂಬುದಕ್ಕೆ ಚಂಪಾದ ಚರಿತ್ರೆಗಿಂತ ದೊಡ್ಡ ಪುರಾವೆ ಬೇಕಿಲ್ಲ.