ಕಾವೇರಿಯ ಮಹಶೀರ್: ಗಾಳದ ಲೆಕ್ಕ ಹೇಳಿದ್ದು, ಮರೆಸಿದ್ದು

ರಾಜ್ಯದಲ್ಲಿ ಹವ್ಯಾಸಿ ಗಾಳಗಾರಿಕೆಯ ಇತಿಹಾಸ ಬಹುಮಟ್ಟಿಗೆ ಒಂದೇ ಮೀನಿನ ಇತಿಹಾಸ. ಅದು ಕಾವೇರಿ ಕೊಳ್ಳದ ಗೂನುಬೆನ್ನಿನ ಮಹಶೀರ್. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡ್ (ಸುಮಾರು 54 ಕಿಲೋ) ತೂಕದ ಮೀನು ಗಾಳದವರ ನಡುವೆ ಇಂದಿಗೂ ದಂತಕಥೆ.

ಈ ಹವ್ಯಾಸಕ್ಕೆ ಕರಾವಳಿಯ ನಂಟೂ ಇದೆ. ಇಂದಿನ ಬೈಂದೂರು ತಾಲ್ಲೂಕಿನ ಬಿಜೂರು ಸೇರಿದಂತೆ ಕುಂದಾಪುರ ಸೀಮೆಯನ್ನು ಒಳಗೊಂಡಿದ್ದ ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥ 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. ಜಿಲ್ಲೆಯ ಮೀನು ಸಂಪತ್ತಿನ ಕುರಿತು ಅವರು ಅದಕ್ಕೂ ಮೊದಲೇ ಸರಕಾರಕ್ಕೆ ವರದಿ ಬರೆದಿದ್ದರು. ಗಾಳ ಹಿಡಿದವನೇ ಮೀನಿನ ಲೆಕ್ಕವನ್ನೂ ಇಡುವ ಪರಿಪಾಠ ಹೊಸದಲ್ಲ.

ಆ ಪರಿಪಾಠದ ಫಲ ಕಂಡದ್ದು ಕನಕಪುರ ತಾಲ್ಲೂಕಿನ ಗಾಳಿಬೋರೆಯಲ್ಲಿ. ಹಿಡಿದ ಮೀನನ್ನು ತೂಗಿ ಮರಳಿ ನದಿಗೆ ಬಿಡುವುದು ಅಲ್ಲಿನ ಶಿಬಿರದ ನಿಯಮವಾಗಿತ್ತು. 1998ರಿಂದ 2012ರ ವರೆಗಿನ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳಗಾರಿಕೆಯಲ್ಲಿ 6,161 ಮಹಶೀರ್‌ಗಳು ಸಿಕ್ಕಿದ್ದವು. ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಸಂರಕ್ಷಣೆ ಫಲ ನೀಡಿತೆಂದು ಸಂತೋಷಪಡಲು ಇಷ್ಟು ಸಾಕಿತ್ತು.

ಆದರೆ ಸರಾಸರಿ ತೂಕ ಇಳಿಯುತ್ತಿತ್ತು. ಬಗೆ ಬೇರ್ಪಡಿಸಿ ನೋಡಿದಾಗ ನಿಜ ಹೊರಬಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್; ಮಹಾರಾಷ್ಟ್ರದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿ 1970ರ ದಶಕದಿಂದ ಕಾವೇರಿಗೆ ಬಿಡಲಾದ ಮರಿಗಳ ಸಂತತಿ. ಕಿತ್ತಳೆ ರೆಕ್ಕೆಯ ಮೂಲನಿವಾಸಿ ಗೂನುಬೆನ್ನಿನ ಮೀನು ಬಹುತೇಕ ಕಣ್ಮರೆಯಾಗಿತ್ತು. ಒಂದರ ಏರಿಕೆ ಇನ್ನೊಂದರ ಕುಸಿತವನ್ನು ಮುಚ್ಚಿಟ್ಟಿತ್ತು. ವಿಪರ್ಯಾಸವೆಂದರೆ, ಆ ಮೀನಿಗೆ ಆವರೆಗೆ ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ವಿವರಿಸಲಾಗಿದ್ದ ಟಾರ್ ರೆಮದೇವಿಯೇ ಇದು ಎಂಬುದು ಸ್ಥಿರಪಟ್ಟದ್ದು 2018ರಲ್ಲಿ. ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ‘ತೀವ್ರ ಅಪಾಯದಲ್ಲಿರುವ’ ವರ್ಗಕ್ಕೆ ಅದು ಸೇರಿತು.

ಇಂತಹ ಮರೆಮಾಚುವಿಕೆ ತಪ್ಪಿಸುವ ಸಾಧನವೇ ಟ್ಯಾಗಿಂಗ್. ಗುರುತಿಲ್ಲದೆ ಬಿಟ್ಟ ಮೀನು ಮತ್ತೆ ಗಾಳಕ್ಕೆ ಬಿದ್ದರೆ ಪುಸ್ತಕದಲ್ಲಿ ಅದು ಎರಡು ಮೀನು. ಬೆನ್ನ ರೆಕ್ಕೆಯ ಬುಡದಲ್ಲಿ ಸಂಖ್ಯೆಯುಳ್ಳ ಪ್ಲಾಸ್ಟಿಕ್ ಪಟ್ಟಿ, ಇಲ್ಲವೇ ಚರ್ಮದಡಿ ಅಕ್ಕಿಕಾಳಿನಷ್ಟಿರುವ, ಬ್ಯಾಟರಿ ಬೇಡದ ಚಿಪ್ ಇದ್ದರೆ ಅದೇ ಮೀನು ಎಷ್ಟು ಬೆಳೆಯಿತು, ಎಷ್ಟು ದೂರ ಸಾಗಿತು ಎಂಬುದು ತಿಳಿಯುತ್ತದೆ. ಸಾಕಷ್ಟು ಮೀನುಗಳು ಮರಳಿ ಸಿಕ್ಕರೆ ಒಟ್ಟು ಸಂಖ್ಯೆಯನ್ನೂ ಅಂದಾಜಿಸಬಹುದು. ಡರ್ಬನ್ನಿನ ಸಾಗರ ಸಂಶೋಧನಾ ಸಂಸ್ಥೆ 1984ರಲ್ಲೇ ಹವ್ಯಾಸಿಗಳ ನೆರವಿನಿಂದ ಇಂತಹ ಯೋಜನೆ ಆರಂಭಿಸಿತು. ಭೂತಾನಿನಲ್ಲಿ ಚಿನ್ನದ ಮಹಶೀರ್‌ಗೆ ರೇಡಿಯೋ ಟ್ಯಾಗ್ ಅಳವಡಿಸಿ ಅದರ ವಲಸೆಯನ್ನು ಹಿಂಬಾಲಿಸಲಾಗಿದೆ.

ಕಾವೇರಿಯಲ್ಲಿ ಕಾನೂನಿನ ತೊಡಕಿದೆ. ವನ್ಯಜೀವಿಧಾಮದೊಳಗಿನ ಗಾಳಗಾರಿಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂಬ ನಿಲುವಿನಿಂದ ಶಿಬಿರಗಳಲ್ಲಿ ಗಾಳ ನಿಂತಿತು. ಅಭಯಾರಣ್ಯದಲ್ಲಿ ಮೋಜಿಗಾಗಿ ಜೀವಿಯನ್ನು ನೋಯಿಸಬಾರದೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಗಾಳದೊಂದಿಗೆ ಗಾಳಿಬೋರೆಯ ಲೆಕ್ಕದ ಪುಸ್ತಕವೂ ಮುಚ್ಚಿತು ಎಂಬುದು ಗಮನಾರ್ಹ. ಡೈನಮೈಟ್ ಸಿಡಿಸಿ ಮೀನು ಹಿಡಿಯುವವರು ಲೆಕ್ಕ ಬರೆಯುವವರಲ್ಲ.

ಬಿಟ್ಟ ಮೀನು ಬದುಕುವುದೇ ಎಂಬ ಪ್ರಶ್ನೆಯನ್ನೂ ಸಂಶೋಧಕರು ಕಾವೇರಿಯಲ್ಲೇ ಪರೀಕ್ಷಿಸಿದ್ದಾರೆ. ನೀಲಿ ರೆಕ್ಕೆಯ ಮಹಶೀರ್ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗಾಳದಲ್ಲಿ ಹೆಚ್ಚು ಹೊತ್ತು ಸೆಣಸಿದ ಮೀನಿನ ದೇಹದ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ. ದೊಡ್ಡ ಮೀನು ಸೆಣಸುವುದೂ ಹೆಚ್ಚು ಹೊತ್ತು. ಗೂನುಬೆನ್ನಿನ ಮೀನಿಗೆ ಟ್ಯಾಗ್ ಹಾಕುವುದಾದರೆ ಬಲವಾದ ದಾರ, ಮುಳ್ಳಿಲ್ಲದ ಕೊಕ್ಕೆ ಬಳಸಿ, ಮೀನನ್ನು ನೀರಿನಲ್ಲೇ ಹಿಡಿದು ಕ್ಷಿಪ್ರವಾಗಿ ಕೆಲಸ ಮುಗಿಸಬೇಕಾಗುತ್ತದೆ.