ಹತ್ತೊಂಬತ್ತು ಪತ್ರಗಳು

ಎಸ್.ಆರ್. ಬೊಮ್ಮಾಯಿ ಪ್ರಕರಣವನ್ನು ಬೋಧಿಸುವಾಗ ನಾವು ಉಪಾಧ್ಯಾಯರು ರಾಜ್ಯಪಾಲರ ಅಧಿಕಾರದಿಂದಲೇ ಆರಂಭಿಸುತ್ತಿದ್ದೆವು. ನನ್ನ ದೃಷ್ಟಿಯಲ್ಲಿ ಅದರ ಬೇರು ಜನತಾ ಪರಿವಾರದ ಮನೆಜಗಳದಲ್ಲಿದೆ.

ದೂರವಾಣಿ ಕದ್ದಾಲಿಕೆಯ ಆರೋಪದಿಂದ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತರು. ಉತ್ತರಾಧಿಕಾರಿ ಬೊಮ್ಮಾಯಿಯವರು 1989ರ ಏಪ್ರಿಲ್ 15ರಂದು 13 ಮಂದಿಯನ್ನು ಸೇರಿಸಿಕೊಂಡು ಸಂಪುಟ ವಿಸ್ತರಿಸಿದರು. ಹಂಚಿದಷ್ಟೂ ಹಸಿವು ಹೆಚ್ಚುವ ಪದಾರ್ಥ ಮಂತ್ರಿಪದವಿಯೊಂದೇ ಇರಬೇಕು! ಎರಡೇ ದಿನಗಳಲ್ಲಿ ಆಡಳಿತ ಪಕ್ಷದ ಶಾಸಕರೊಬ್ಬರು, ಬೆಂಬಲ ಹಿಂತೆಗೆದ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗಿತ್ತರು.

ಓದುಗರು ಇಲ್ಲಿ ತುಸು ನಿಲ್ಲಬೇಕು. ಇಂಥ ಪತ್ರವು ಜೇಬಿನಲ್ಲಿರುವವರೆಗೆ ನಾಯಕನನ್ನು ಮಣಿಸುವ ಬೆದರಿಕೆ. ರಾಜಭವನ ತಲುಪಿತೆಂದರೆ ಸರ್ಕಾರಕ್ಕೇ ಕುತ್ತು. ಏಪ್ರಿಲ್ 20ರಂದು ಅವರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ನೀಡಿ ಸಹಿ ಪಡೆಯಲಾಯಿತೆಂದು ಬರೆದುಕೊಟ್ಟರು. ರಾಜ್ಯಪಾಲರಿಗೆ ಅದರಲ್ಲಿ ಕಂಡದ್ದು ಕುದುರೆ ವ್ಯಾಪಾರ. ವಂಚಿಸಿದವರು ಸಹಿ ಹಾಕಿಸಿದವರೋ, ಒತ್ತಡ ಹೇರಿದವರು ಹಿಂತೆಗೆಸಿದವರೋ? ಉತ್ತರ ದೊರೆಯಬೇಕಿದ್ದ ಸ್ಥಳ ವಿಧಾನಸಭೆ. ಬಹುಮತ ಸಾಬೀತಿಗೆ ಬೊಮ್ಮಾಯಿಯವರು ಸಿದ್ಧರಿದ್ದರು, 27ಕ್ಕೆ ಅಧಿವೇಶನವೂ ನಿಗದಿಯಾಗಿತ್ತು. ಆದರೆ 21ರಂದೇ ರಾಷ್ಟ್ರಪತಿ ಆಳ್ವಿಕೆ ಬಂದಿತು.

ಬಹುಮತದ ಪರೀಕ್ಷೆ ಸದನದಲ್ಲಿಯೇ ನಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಬಹಳ ತಡವಾಗಿತ್ತು: 1985ರಲ್ಲಿ 139 ಸ್ಥಾನ ಗೆದ್ದಿದ್ದ ಪರಿವಾರ ಒಡೆದು, 1989ರ ಚುನಾವಣೆಯಲ್ಲಿ ಜನತಾ ದಳಕ್ಕೆ ಉಳಿದದ್ದು 24.